ಅತ್ತೆಯ ಹೂಂ

ನಮ್ಮ ಅತ್ತೆಯ ಬಾಯಲ್ಲಿ ‘ಹೂಂ’ ಒಂದು ಮಾತಲ್ಲ, ಹತ್ತು ಮಾತು. ಎಳೆದರೆ ‘ನಾನು ಕಾಣದ್ದಾ’, ಮೊಟಕು ಮಾಡಿದರೆ ‘ನಿನ್ನಿಷ್ಟ, ಏನಾದ್ರೂ ಮಾಡ್ಕೋ’, ಮೂಗಿನಲ್ಲಿ ಬಂದರೆ ‘ಸಾರಿಗೆ ಉಪ್ಪು ಸಾಲದು’. ಅಮೆರಿಕದ ಕರ್ಕ್‌ಲ್ಯಾಂಡಿನ ನಮ್ಮ ಪುಟ್ಟ ಮನೆಯಲ್ಲಿ ಅವನ್ನೆಲ್ಲ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದ ಮೇಲೆ ಅವರಿಗೆ ಉಳಿದದ್ದು ಅದೊಂದೇ. ಪರೀಕ್ಷೆಗೆ ಬಂದ ಥೆರಪಿಸ್ಟ್ ಹುಡುಗಿ ಮೊದಲೇ ಹೇಳಿದ್ದಳು: ಹೇಳಿದ್ದು ಅವರಿಗೆ ತಿಳಿಯುವಂತಿದ್ದರೆ ಚಿಕಿತ್ಸೆ ಮುಂದುವರಿಸಿ ಮನೆಗೆ ಕಳಿಸುತ್ತಾರೆ, ಇಲ್ಲವಾದರೆ ಕೈಲಾಗದ ವೃದ್ಧರನ್ನು ಇರಿಸಿಕೊಳ್ಳುವ ನರ್ಸಿಂಗ್ ಹೋಮ್. ಎಷ್ಟೇ ಜಗಳವಾಡಿದರೂ ಅವರಿಲ್ಲದ ಮನೆ ನನಗೆ ಬೇಡವಾಗಿತ್ತು.

ಅವಳ ಪ್ರಶ್ನೆಗಳನ್ನು ಫೋನಿನಲ್ಲಿದ್ದ ದುಭಾಷಿ ಕನ್ನಡದಲ್ಲಿ ಕೇಳಿದ.

“ಈಗ ಮೈಸೂರಲ್ಲಿದೀರಾ?”

“ಹೂಂ.”

“ಹೊರಗೆ ಹಿಮ ಬೀಳ್ತಿದೆಯಾ?”

“ಹೂಂ.”

ಎರಡಕ್ಕೂ ಅವನು ‘ಯೆಸ್’ ಅಂದ. ಕಿಟಕಿಯಾಚೆ ಬಿಸಿಲು. ಅಯ್ಯೋ, ಅದು ಹೌದಲ್ಲ ಕಣಪ್ಪ, ‘ಇದೆಂಥ ಪ್ರಶ್ನೆ’ ಅಂತ! ಅಥವಾ ನಿಜಕ್ಕೂ ತಿಳಿಯುತ್ತಿಲ್ಲವೋ?

ನಾನೊಮ್ಮೆ ಮಾತಾಡಿಸುತ್ತೇನೆಂದು ಹುಡುಗಿಯನ್ನು ಬೇಡಿಕೊಂಡೆ. ನಮ್ಮಲ್ಲಿ ಒಬ್ಬರು ಸುದ್ದಿ ಹೇಳಿದರೆ ಇನ್ನೊಬ್ಬರು ಹೂಂಗುಟ್ಟಬೇಕು. ಇಲ್ಲವಾದರೆ ಹೇಳುವವರಿಗೆ ಮಾತೇ ಮುಂದೆ ಸಾಗುವುದಿಲ್ಲ. ಹಾಸಿಗೆಯಂಚಿನಲ್ಲಿ ಕೂತು ಶುರುಮಾಡಿದೆ.

“ಅತ್ತೆ, ಬೆಳಿಗ್ಗೆ ನಿಮ್ಮ ಮಗ ಉಪ್ಪಿಟ್ಟು ಮಾಡಿದ್ರು.”

“ಹೂಂ?” ಒಂದು ಹುಬ್ಬು ಮೇಲೇರಿತು.

“ರವೆ ಹುರೀಲೇ ಇಲ್ಲ.”

“ಹೂಂ…” ಗೊತ್ತಿದ್ದದ್ದೇ ಎನ್ನುವ ನಿಟ್ಟುಸಿರು.

“ಚೆನ್ನಾಗಿದೆ ಅಂತ ನಾನು ಇನ್ನೊಂದ್ಸಲ ಬಡಿಸ್ಕೊಂಡೆ.”

“ಹ್ಹೂಂ!” ಈ ಸುಳ್ಳು ಬೇರೆ ಯಾರಿಗಾದರೂ ಹೇಳು ಎಂಬಂತೆ.

ಕನ್ನಡದ ಗಂಧವಿಲ್ಲದ ಆ ಹುಡುಗಿ ಪೆನ್ನು ಕೆಳಗಿಟ್ಟು ನಕ್ಕಳು. ಇವರಿಗೆ ಎಲ್ಲ ತಿಳಿಯುತ್ತದೆ, ಮನೆಗೆ ಕಳಿಸುವ ದಾರಿ ನೋಡೋಣ ಎಂದಳು. ನನಗೆ ಹೋದ ಜೀವ ಬಂದಂತಾಯಿತು.

ಅವಳು ಹೋದ ಮೇಲೆ ಅತ್ತೆಯ ಹೊದಿಕೆ ಸರಿಮಾಡುತ್ತಿದ್ದೆ. ಇದ್ದಕ್ಕಿದ್ದಂತೆ ಕೈ ನಿಂತುಬಿಟ್ಟಿತು. ಎಲ್ಲ ತಿಳಿಯುತ್ತದೆ. ಹಾಗಾದರೆ ನಿನ್ನೆ? ಪಾಪ, ಇವರಿಗೇನು ತಿಳಿಯುತ್ತೆ ಅಂದುಕೊಂಡು, ಇದೇ ಹಾಸಿಗೆಯ ಪಕ್ಕ ನಿಂತು, ಪಕ್ಕದೂರು ಡುವಾಲಿನ ದಾರಿಯ ನರ್ಸಿಂಗ್ ಹೋಮ್ ಆದೀತೋ ಬೇರೆ ನೋಡಬೇಕೋ ಎಂದು ನಾನೂ ನನ್ನ ಗಂಡನೂ ಗಟ್ಟಿಯಾಗಿ ಚರ್ಚೆ ಮಾಡಿದ್ದೆವು.

“ಅತ್ತೆ…” ಹತ್ತಿರ ಬಗ್ಗಿ ಕೇಳಿದೆ. “ನಿನ್ನೆ ನಾವು ಮಾತಾಡಿದ್ದು ಕೇಳಿಸ್ತಾ?”

ಹೂಂ ಬರಲಿಲ್ಲ. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.