ಒಳಗೆ ಮಡಚಿಟ್ಟ ಬಟ್ಟೆ

ಹೊಲಿಗೆಯಮ್ಮನ ಅಂಗಡಿಗೆ ಮಧ್ಯಾಹ್ನದ ಬಿಸಿಲು ಪರದೆಯಲ್ಲಿ ಸೋಸಿಕೊಂಡು ಬರುತ್ತದೆ; ದಾರದ ತುಣುಕುಗಳು ಅದರಲ್ಲಿ ಮರಿಮೀನುಗಳಂತೆ ತೇಲುತ್ತವೆ. ಬಾಯ್ತುಂಬ ಗುಂಡುಪಿನ್ನು ಕಚ್ಚಿಕೊಂಡೇ ಆಕೆ ಬೀದಿಯ ಸುದ್ದಿಯನ್ನೆಲ್ಲ ಹೇಳಬಲ್ಲಳು. ಇಷ್ಟು ವರ್ಷದಲ್ಲಿ ಒಂದು ಪಿನ್ನಾಗಲಿ, ಒಬ್ಬ ಹುಡುಗಿಯ ಸುತ್ತಳತೆಯಾಗಲಿ ಆ ಬಾಯಿಂದ ಜಾರಿ ಬಿದ್ದಿಲ್ಲ. ಕನ್ನಡಿಯ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವವರಿಗೆ, "ಉಸಿರು ಬಿಡೇ ತಾಯಿ, ನಾನು ಅಳೀತಿರೋದು ನಿನ್ನನ್ನ, ಗೊಂಬೇನಲ್ಲ" ಎಂದು ಟೇಪು ಹಿಡಿದು ಕಾಯುತ್ತಾಳೆ, ಸಂಜೆಯಾದರೂ ಸರಿ. "ಮದುವೆ ಹೊತ್ತಿಗೆ ಇನ್ನೂ ಇಳೀತಾಳೆ, ಬಿಗಿಯಾಗೇ ಹೊಲೀರಿ" ಎನ್ನುವ ತಾಯಂದಿರಿಗೆ ತಲೆಯಾಡಿಸುತ್ತಾಳೆ. ಎಷ್ಟು ಬಿಗಿ ಮಾಡಿದರೂ ಮಿಕ್ಕ ಬಟ್ಟೆಯನ್ನು ಮಾತ್ರ ಕತ್ತರಿಸುವುದಿಲ್ಲ, ಒಳಗೇ ಮಡಚಿ ಹೊಲಿಯುತ್ತಾಳೆ. "ದಪ್ಪ ಕಾಣುತ್ತೆ, ಕತ್ತರಿಸಿಬಿಡಿ ಆಂಟಿ" ಎಂದರೆ, "ಇರ್ಲಿ ಬಿಡೇ, ಅದೇನು ಅನ್ನ ಕೇಳುತ್ತಾ?" ಎಂದು ನಗುತ್ತಾಳೆ. ಯಾಕಿಷ್ಟು ಹಟವೆಂದು ಒಮ್ಮೆ ನಾನೇ ಕೇಳಿದೆ. ಅಂದು ಮೊದಲ ಸಲ ಪಿನ್ನುಗಳನ್ನೆಲ್ಲ ಬಾಯಿಂದ ತೆಗೆದಿಟ್ಟು ಮಾತಾಡಿದಳು. ತೆಳ್ಳಗಾಗಬೇಕೆಂದು ಊಟ ಬಿಟ್ಟು ಸೊರಗುತ್ತ ಹೋದ ತನ್ನ ತಂಗಿಯ ಹಸಿರು ಅಂಗಿಯನ್ನು ಮೂರು ಸಲ ಬಿಗಿ ಮಾಡಿ, ಮೂರು ಸಲವೂ ಮಿಕ್ಕದ್ದನ್ನು ಅಚ್ಚುಕಟ್ಟಾಗಿ ಕತ್ತರಿಸಿದ್ದಳಂತೆ. ಆಸ್ಪತ್ರೆಯಿಂದ ಮರಳಿ, ಮತ್ತೆ ಎರಡು ಹೊತ್ತು ಉಣ್ಣತೊಡಗಿದ್ದ ತಂಗಿ ಒಂದು ದಿನ ಅದೇ ಅಂಗಿ ತೊಟ್ಟು ನೋಡಿದಳು. ಗುಂಡಿ ಸೇರಲಿಲ್ಲ. ಬಿಚ್ಚಿ ಸಡಿಲಿಸೋಣವೆಂದರೆ ಹೊಲಿಗೆಯೊಳಗೆ ಬಟ್ಟೆಯಿರಲಿಲ್ಲ. ಆ ರಾತ್ರಿ ಪಕ್ಕಕ್ಕೆ ಸರಿಸಿದ ಊಟದ ತಟ್ಟೆಯನ್ನು ತಂಗಿ ಮತ್ತೆ ಹತ್ತಿರಕ್ಕೆ ಎಳೆದುಕೊಳ್ಳಲೇ ಇಲ್ಲ.