ಕುಶನ್ ಹಾಕಿದ ಕಂಪ್ಯೂಟರ್

ಸೋಫಾ ರಿಪೇರಿ ಮಾಡುವವರ ಬಾಯಲ್ಲಿ "ನಾಳೆ" ಎನ್ನುವ ಮಾತು ಎಷ್ಟು ಸಲೀಸಾಗಿ ಬರುತ್ತದೆಂದು, ಒಮ್ಮೆಯಾದರೂ ಸೋಫಾ ಕೊಟ್ಟು ನೆಲದ ಮೇಲೆ ಕೂತು ಕಾದವರಿಗೆಲ್ಲ ಗೊತ್ತು. ನಮ್ಮ ಕುಶನ್ ಮಾಮನಂತೂ ಆ ಮಾತಿನಲ್ಲಿ ಎತ್ತಿದ ಕೈ. ಗಿರಾಕಿ ಬಾಗಿಲಲ್ಲಿ ಮುಖ ತೋರಿಸುವ ಮುಂಚೆಯೇ "ನಾಳೆ ಬಂದ್ಬಿಡಿ, ರೆಡಿ ಇರುತ್ತೆ" ಎಂದುಬಿಡುತ್ತಿದ್ದ. ಸುಳ್ಳುಗಾರನಲ್ಲ, ಪಾಪ. ಹೇಳುವ ಹೊತ್ತಿಗೆ ಅವನಿಗೂ ಹಾಗೇ ಅನಿಸಿರುತ್ತಿತ್ತು. ತಡವಾಗುತ್ತಿದ್ದುದು ಅವನ ಅಚ್ಚುಕಟ್ಟುತನದಿಂದ. ಹೊಲಿಗೆ ಒಂದಿಷ್ಟು ಸೊಟ್ಟಗಾದರೆ ಪೂರ್ತಿ ಬಿಚ್ಚಿ ಮತ್ತೆ ಹಾಕುವವನು. ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ ಉಳಿದರೂ ಅವನಿಗೆ ಅದು ಕಳಪೆ ಕೆಲಸ.

ಹೆಂಡತಿಗೂ ಮಗಳಿಗೂ ಸಿಕ್ಕಿದ್ದು ಅದೇ ನಾಳೆ. ಮಗಳ ಶಾಲೆಯ ನಾಟಕಕ್ಕೆ ಬರುತ್ತೇನೆಂದು ಹೇಳಿ, ಆ ಹೊತ್ತಿನಲ್ಲಿ ಯಾರದೋ ದಿವಾನದ ಮುಂದೆ ಮಂಡಿಯೂರಿ ಮೊಳೆ ಹೊಡೆಯುತ್ತಿದ್ದ ಮಹಾನುಭಾವ. ಹೆಂಡತಿ ಜಗಳವಾಡಿದಳು, ಆಮೇಲೆ ಜಗಳವಾಡುವುದನ್ನೂ ಬಿಟ್ಟಳು. ಕೊನೆಗೆ ಮಗಳನ್ನು ಕರೆದುಕೊಂಡು ಬೇರೆ ಊರಿಗೆ ಹೋಗಿ, ಅಲ್ಲೇ ಕೆಲಸ ಹಿಡಿದು ಮನೆ ಮಾಡಿದಳು. ಆಗ ಮಗಳು ಇನ್ನೂ ಜಡೆ ಹಾಕಿಸಿಕೊಳ್ಳುವ ವಯಸ್ಸಿನವಳು. ಈಗ ಹತ್ತನೇ ತರಗತಿ.

ಭಾನುವಾರಕ್ಕೊಮ್ಮೆ ಫೋನು. ಊಟ ಆಯ್ತಾ ಎಂದರೆ ಹೂಂ. ಓದ್ತಿದ್ದೀಯಾ ಎಂದರೆ ಹೂಂ. ಏನಾದ್ರೂ ಬೇಕಾ ಎಂದರೆ ಊಹೂಂ. ಅಷ್ಟರಲ್ಲಿ ಮಾತು ಮುಗಿದು, ಇಬ್ಬರೂ ಫೋನು ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಮುಂದೇನು ಕೇಳಬೇಕೆಂದು ಅವನಿಗೆ ಹೊಳೆಯುತ್ತಿರಲಿಲ್ಲ. ವಾರವೆಲ್ಲ ಫೋಮು ಕತ್ತರಿಸುತ್ತ ಕೇಳಬೇಕಾದ್ದನ್ನು ಯೋಚಿಸಿಟ್ಟುಕೊಂಡಿರುತ್ತಿದ್ದ. ಅವಳ ದನಿ ಕೇಳಿದೊಡನೆ ಎಲ್ಲ ಮರೆತುಹೋಗುತ್ತಿತ್ತು. ಮಗಳು ಕೈ ತಪ್ಪಿ ಹೋಗುತ್ತಿದ್ದಾಳೆ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ತಡೆಯುವುದು ಹೇಗೆಂದು ಮಾತ್ರ ತಿಳಿದಿರಲಿಲ್ಲ.

ಒಂದು ಭಾನುವಾರ ಫೋನು ಎತ್ತಿದವಳು, "ಅಪ್ಪ, ಆಟದಲ್ಲಿದ್ದೀನಿ, ಆಮೇಲೆ ಮಾಡು" ಎಂದಳು. ಎಂದವಳು ಫೋನು ಇಡುವುದನ್ನು ಮರೆತಳು. ಕುಶನ್ ಮಾಮ ಕಿವಿಗೆ ಒತ್ತಿಕೊಂಡು ಹಾಗೇ ಕೇಳಿದ. ಆ ಕಡೆ ಮಗಳು ಯಾರ ಜೊತೆಗೋ ವಟವಟ ಅಂತ ಮಾತಾಡುತ್ತಿದ್ದಳು, ಬೈಯುತ್ತಿದ್ದಳು, ನಡುನಡುವೆ ಬಿದ್ದು ಬಿದ್ದು ನಗುತ್ತಿದ್ದಳು. ಇಷ್ಟೊಂದು ಮಾತು ಈ ಹುಡುಗಿಯ ಹೊಟ್ಟೆಯಲ್ಲಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಹೊಟ್ಟೆಕಿಚ್ಚಾಯಿತು. ತಂದೆಗೂ ಹೊಟ್ಟೆಕಿಚ್ಚಾಗುತ್ತದೆ, ಅದರಲ್ಲೇನು ನಾಚಿಕೆ.

ಮುಂದಿನ ಸಲ ಆ ಆಟದ ವಿಷಯವನ್ನೇ ತೆಗೆದ. ಇಬ್ಬರು ಸೇರಿ ಆಡುವ ಆಟವಂತೆ. ಬೆಟ್ಟ, ಕಣಿವೆ, ಮುರಿದ ಸೇತುವೆ. ಒಬ್ಬರು ಹಿಡಿದುಕೊಂಡರೆ ಇನ್ನೊಬ್ಬರು ದಾಟಬೇಕು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಾತಾಡುತ್ತಲೇ ಆಡಬೇಕು, ಇಲ್ಲದಿದ್ದರೆ ಆಗುವುದೇ ಇಲ್ಲ.

"ನಾನೂ ಬರ್ಲಾ?" ಎಂದ.

"ಫೋನಲ್ಲೆಲ್ಲ ಆಗಲ್ಲಪ್ಪ. ಕಂಪ್ಯೂಟರ್ ಬೇಕು. ಅದ್ರಲ್ಲೂ ಪರದೆ ಮೇಲೆ ಆಟದ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡ್ ಇರೋದು ಬೇಕು."

"ಮಾಡ್ಕೋತೀನಿ."

"ಯಾವಾಗ?"

ನಾಳೆ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಕಚ್ಚಿ ಹಿಡಿದುಕೊಂಡು, "ಮಾಡಿ ಹೇಳ್ತೀನಿ" ಎಂದ. ಮಗಳು "ನೋಡೋಣ" ಎಂದಳು. ಆ ನೋಡೋಣದಲ್ಲಿ ನಂಬಿಕೆ ಎಳ್ಳಷ್ಟೂ ಇರಲಿಲ್ಲ.

ಹೊಸದು ಕೊಳ್ಳುವ ಮಾತು ಅಂಗಡಿಯ ಗಾಜಿನಾಚೆಯಿಂದ ಬೆಲೆ ನೋಡಿದಲ್ಲಿಗೇ ಮುಗಿಯಿತು. ಹಳೇ ಕಂಪ್ಯೂಟರುಗಳ ಓಣಿಯಲ್ಲಿ ಒಬ್ಬನಿದ್ದ. ಸತ್ತ ಯಂತ್ರಗಳನ್ನು ಬಿಚ್ಚಿ, ಒಂದರ ಭಾಗವನ್ನು ಇನ್ನೊಂದಕ್ಕೆ ಹಾಕಿ ಬದುಕಿಸುತ್ತಾನೆಂದು ಎಲ್ಲರೂ ಅವನನ್ನು ಡಾಕ್ಟ್ರು ಎನ್ನುತ್ತಿದ್ದರು. ಡಾಕ್ಟ್ರು ಕೂರುತ್ತಿದ್ದ ಕುರ್ಚಿಯ ಫೋಮು ಕಿತ್ತು ಒಳಗಿನ ಹಲಗೆ ಕಾಣುತ್ತಿತ್ತು. ಕುಶನ್ ಮಾಮ ಯಂತ್ರಗಳನ್ನು ನೋಡುವ ಮೊದಲು ಆ ಕುರ್ಚಿಯನ್ನು ನೋಡಿದ.

"ಈ ಕುರ್ಚಿ ನಾನು ಹೊಸದು ಮಾಡಿಕೊಡ್ತೀನಿ. ಬದಲಿಗೆ ಏನು ಕೊಡ್ತೀರಿ?"

ಹೀಗೆ ಶುರುವಾಯಿತು ವ್ಯವಹಾರ. ಕುರ್ಚಿಗೆ ಬದಲಾಗಿ ಮದರ್‌ಬೋರ್ಡು, ಡಾಕ್ಟ್ರ ಮನೆಯ ಸೋಫಾಕ್ಕೆ ಬದಲಾಗಿ ಪ್ರೊಸೆಸರು. ಅವನ ಭಾವಮೈದುನನ ಕಾರಿನ ಸೀಟಿಗೆ ಬದಲಾಗಿ ರ‍್ಯಾಮು. ಟಿಕೆಟ್ ಕೌಂಟರೊಂದರಿಂದ ಗುಜರಿಗೆ ಬಂದಿದ್ದ ಮಾನಿಟರಿನ ನೆತ್ತಿಯ ಮೇಲೆ "ಸರಿಯಾದ ಚಿಲ್ಲರೆ ಕೊಟ್ಟು ಸಹಕರಿಸಿ" ಎಂಬ ಚೀಟಿ ಅಂಟಿತ್ತು. ಎಷ್ಟು ಕೆರೆದರೂ ಬರಲಿಲ್ಲ. ಕೆಲಸವೆಲ್ಲ ಹೇಳಿದ ದಿನಕ್ಕೇ ಮುಗಿಯುತ್ತಿತ್ತು ಎನ್ನುವುದನ್ನು ಇಲ್ಲಿ ಹೇಳಲೇಬೇಕು. ಬೇರೆ ಗಿರಾಕಿಗಳಿಗೆ ನಾಳೆ, ಡಾಕ್ಟ್ರಿಗೆ ಮಾತ್ರ ಇವತ್ತು.

ಕರೆಂಟ್ ಕೊಡುವ ಪೆಟ್ಟಿಗೆ ಅಗ್ಗದ್ದೇ ಸಾಕು ಎಂದಾಗ ಡಾಕ್ಟ್ರು ಒಪ್ಪಲಿಲ್ಲ. "ಮಾಮ, ಇದೊಂದ್ರಲ್ಲಿ ಜುಗ್ಗತನ ಬೇಡ. ಇದು ಕೈ ಕೊಟ್ರೆ ಮಿಕ್ಕಿದ್ದೆಲ್ಲ ಜೊತೆಗೇ ಹೋಗುತ್ತೆ." ಅದಕ್ಕೆ ಕೈಯಿಂದಲೇ ದುಡ್ಡು ಹೋಯಿತು. ಕೊನೆಗೆ ಉಳಿದದ್ದು ಗ್ರಾಫಿಕ್ಸ್ ಕಾರ್ಡು. ಮುಚ್ಚಿಹೋದ ಗೇಮಿಂಗ್ ಸೆಂಟರೊಂದರ ಕಾರ್ಡನ್ನು ಡಾಕ್ಟ್ರು ತೆಗೆದುಕೊಟ್ಟ. "ಹಗಲೂ ರಾತ್ರಿ ದುಡಿದಿರೋ ಜೀವ ಇದು. ನಡೆಯೋವಷ್ಟು ದಿನ ನಡೆಯುತ್ತೆ. ಗ್ಯಾರಂಟಿ ಕೇಳಬೇಡಿ." ಅದಕ್ಕಾಗಿ ಕುಶನ್ ಮಾಮ ತನ್ನ ಎರಡನೇ ಹೊಲಿಗೆ ಯಂತ್ರವನ್ನು ಮಾರಿದ.

ಅಂಗಡಿಯ ಮೇಲಿನ ಮನೆಯಲ್ಲಿದ್ದ ಅವನ ಅಕ್ಕ, ಇಂಟರ್‌ನೆಟ್ ವೈರನ್ನು ಕಿಟಕಿಯಿಂದ ಕೆಳಕ್ಕೆ ಬಿಡುತ್ತಲೇ ಬೈದಳು. "ತಲೆ ನೆಟ್ಟಗಿದೆಯೇನೋ ನಿಂಗೆ? ಬಸ್ಸು ಹತ್ತಿ ಹೋಗಿ ಮಗೂನ ನೋಡ್ಕೊಂಡು ಬರೋದು ಬಿಟ್ಟು ಆಟ ಆಡ್ತಾನಂತೆ ಆಟ."

"ಹೋಗಿದ್ದೆ ಅಕ್ಕ. ಎದುರಿಗೆ ಕೂತ್ರೂ ಅದೇ ಹೂಂ, ಊಹೂಂ."

ಅಕ್ಕ ಉಳಿದ ವೈರನ್ನೂ ಇಳಿಸಿದಳು.

ಡಾಕ್ಟ್ರು ಅಂಗಡಿಗೇ ಬಂದು ಎಲ್ಲ ಜೋಡಿಸಿದ. ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿ, ಮಾನಿಟರಿನಲ್ಲಿ ಬೆಳಕು ಬಂತು. ಕುಶನ್ ಮಾಮನ ಕಣ್ಣು ತುಂಬಿತು. ಡಾಕ್ಟ್ರು ಮಾತ್ರ ಅಂಗಡಿಯ ಸುತ್ತ ಕಣ್ಣಾಡಿಸಿ ಮುಖ ಸಿಂಡರಿಸಿದ. ಎಲ್ಲಿ ನೋಡಿದರೂ ಹತ್ತಿಯ ನವಿರು, ಫೋಮಿನ ಪುಡಿ. ಯಂತ್ರದ ಕ್ಯಾಬಿನೆಟ್ಟಿಗೋ ಒಂದು ಬದಿಯ ಮುಚ್ಚಳವೇ ಇರಲಿಲ್ಲ.

"ಮಾಮ, ನಿಮ್ಮ ಅಂಗಡಿ ಧೂಳು ಇದಕ್ಕೆ ಯಮ. ಒಂದು ಮುಚ್ಚಳ ಮಾಡ್ಕೊಳ್ಳಿ. ಧೂಳು ಮಾತ್ರ ಒಳಗೆ ಹೋಗಬಾರದು, ನೆನಪಿರಲಿ."

ಅಷ್ಟು ಹೇಳಿ ಹೋದ. ಯಂತ್ರಕ್ಕೆ ಗಾಳಿ ಬೇಕು ಎನ್ನುವುದನ್ನು ಅವನು ಹೇಳಲಿಲ್ಲ. ಅದನ್ನು ಹೇಳಬೇಕೆಂದು ಅವನಿಗೆ ಹೊಳೆಯಲೂ ಇಲ್ಲ. ಮೀನು ಮಾರುವವನು ಮೀನಿಗೆ ನೀರು ಬೇಕು ಎಂದು ಬಿಡಿಸಿ ಹೇಳುತ್ತಾನೆಯೇ?

ಇನ್ನು ನಮ್ಮ ಕುಶನ್ ಮಾಮನ ಕೈಚಳಕ ಕೇಳಿ. ಧೂಳು ಹೋಗಬಾರದು ಎಂದರೆ ಹೇಗೆ ತಡೆಯಬೇಕೆಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಪ್ಲೈವುಡ್ ಕತ್ತರಿಸಿ, ಅದರ ಮೇಲೆ ಫೋಮು ಕೂರಿಸಿ, ಮೇಲೆ ಒಳ್ಳೆಯ ಕಂದು ರೆಕ್ಸಿನ್ ಎಳೆದು ಬಿಗಿದ. ನಡುನಡುವೆ ಗುಂಡಿ ಹಾಕಿ ಡೈಮಂಡ್ ಡಿಸೈನ್ ತೆಗೆದ. ಹಿಂಬದಿಯಲ್ಲಿ, ಮೇಲ್ಗಡೆ, ತಳದಲ್ಲಿ ಜಾಲರಿಯಂತೆ ತೂತುಗಳಿದ್ದವು. ಛೆ, ಎಂಥ ಅರೆಬರೆ ಕೆಲಸ ಎಂದುಕೊಂಡು ಒಂದೊಂದಕ್ಕೂ ಅಳತೆಗೆ ಸರಿಯಾಗಿ ಫೋಮಿನ ತುಂಡು ಕತ್ತರಿಸಿ, ಗಮ್ ಹಚ್ಚಿ ಮುಚ್ಚಿದ. ವೈರುಗಳು ಹೊರಗೆ ಬರುವ ಕಡೆ ಅಂಚಿಗೆ ಉರುಟು ಪಟ್ಟಿಯ ಪೈಪಿಂಗ್ ಹೊಲಿದ. ಇರುವೆಗೂ ದಾರಿ ಉಳಿಯಲಿಲ್ಲ. ಗುಂಡಿ ಒತ್ತಿ ನೋಡಿದರೆ ಮೊದಲು ಗೊರ್ ಎನ್ನುತ್ತಿದ್ದ ಯಂತ್ರ ಈಗ ತುಟಿಪಿಟಕ್ಕೆನ್ನಲಿಲ್ಲ. ಅವನಿಗೆ ಹೆಮ್ಮೆಯೋ ಹೆಮ್ಮೆ.

ಅಕ್ಕ ಬಂದು ನೋಡಿ, "ಇದೇನು ಆಡೋಕೆ ಮಾಡಿರೋದೋ, ಕೂರೋಕೆ ಮಾಡಿರೋದೋ?" ಎಂದಳು.

ಭಾನುವಾರ ಸಂಜೆ ಮಗಳು ಫೋನಿನಲ್ಲೇ ಒಂದೊಂದಾಗಿ ಹೇಳಿಕೊಟ್ಟು ಅವನನ್ನು ಆಟದೊಳಗೆ ಕರೆದುಕೊಂಡಳು. ಹೆಡ್‌ಫೋನಿನಲ್ಲಿ ಅವಳ ದನಿ ಪಕ್ಕದಲ್ಲೇ ಕೂತಷ್ಟು ಹತ್ತಿರ ಕೇಳಿತು. "ನಿಜವಾಗ್ಲೂ ಬಂದ್ಬಿಟ್ಯಲ್ಲಪ್ಪ," ಎಂದಳು. ಅವನು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡ.

ಪರದೆಯ ಮೇಲೆ ಕೆಂಪು ಅಂಗಿಯ ಗೊಂಬೆ ಅವಳು, ನೀಲಿ ಅಂಗಿಯದು ಇವನು. ನೀಲಿ ಗೊಂಬೆ ಹೋಗಿ ಗೋಡೆಗೆ ಮುಖ ಕೊಟ್ಟು ನಿಂತು ನಡೆಯುತ್ತಲೇ ಇತ್ತು. ಅದು ಹಳ್ಳಕ್ಕೆ ಬಿತ್ತು, ಎತ್ತಿದರೆ ಮತ್ತೆ ಬಿತ್ತು. ಮಗಳು ನಕ್ಕಳು. ಅವತ್ತು ಫೋನಿನಲ್ಲಿ ಕದ್ದು ಕೇಳಿದ್ದ ಅದೇ ನಗು, ಈಗ ತನ್ನಿಂದಾಗಿ. ಇನ್ನೂ ಎರಡು ಸಲ ಬೇಕೆಂದೇ ಹಳ್ಳಕ್ಕೆ ಬಿದ್ದ.

ನಗುತ್ತ ನಗುತ್ತ ಮಾತು ತಾನಾಗಿ ಬಂತು. ಕನ್ನಡಕ ಬಂದಿದೆಯಂತೆ, ಹಾಕಿಕೊಂಡರೆ ಗೂಬೆ ಥರ ಕಾಣುತ್ತಾಳಂತೆ. ಜೀವದ ಗೆಳತಿ ಮಾತು ಬಿಟ್ಟಿದ್ದಾಳಂತೆ. ಅಮ್ಮ ರಾತ್ರಿ ಸುಮ್ಮನೆ ಕಿಟಕಿ ಹತ್ತಿರ ಕೂತಿರುತ್ತಾಳಂತೆ. ಕುಶನ್ ಮಾಮ ಹೂಂ, ಆಮೇಲೆ, ಅಯ್ಯೋ ಹೌದಾ ಎನ್ನುತ್ತ ನೀಲಿ ಗೊಂಬೆಯನ್ನು ಕೆಂಪು ಗೊಂಬೆಯ ಹಿಂದೆ ಹಿಂದೆ ನಡೆಸಿದ. ಬದುಕಿನಲ್ಲಿ ಅಷ್ಟು ಸುಖವಾಗಿ ಅವನು ಯಾವತ್ತೂ ಕೂತಿರಲಿಲ್ಲ. ಮೇಜಿನ ಕೆಳಗಿನಿಂದ ಗಮ್ಮಿನ ವಾಸನೆ ಏಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಮೂಗು ಮುಚ್ಚಿಕೊಂಡು ಬಗ್ಗಿ ನೋಡುತ್ತಿದ್ದರು. ದಿನವೆಲ್ಲ ಅದೇ ವಾಸನೆಯಲ್ಲಿ ಬದುಕುವ ಇವನಿಗೆ ಅದು ತಿಳಿಯಲೇ ಇಲ್ಲ.

ಸೇತುವೆ ಬಂತು. ಒಬ್ಬರು ಕೀಬೋರ್ಡಿನ ಗುಂಡಿ ಒತ್ತಿಯೇ ಇಟ್ಟು ಕಬ್ಬಿಣದ ರಾಟೆಯೊಂದನ್ನು ಹಿಡಿದು ನಿಂತರೆ ಹಲಗೆಗಳು ಮೇಲೇಳುತ್ತವೆ, ಇನ್ನೊಬ್ಬರು ದಾಟಬಹುದು. ಬಿಟ್ಟರೆ ದಾಟುತ್ತಿರುವವರು ಕಣಿವೆಗೆ.

"ನೀನು ಹಿಡ್ಕೋ. ಬೆರಳು ತೆಗೀಬೇಡಪ್ಪ, ಉದ್ದ ಇದೆ ಇದು."

"ಹಿಡ್ಕೊಂಡಿದ್ದೀನಿ, ನೀನು ಹೋಗು."

ಕೆಂಪು ಗೊಂಬೆ ಹಲಗೆಯ ಮೇಲೆ ಮೆಲ್ಲಗೆ ಹೆಜ್ಜೆ ಇಟ್ಟಿತು. ನಗು ನಿಂತಿತ್ತು. ಹೆಡ್‌ಫೋನಿನಲ್ಲಿ ಅವಳ ಉಸಿರು ಮಾತ್ರ ಕೇಳುತ್ತಿತ್ತು. ಅರ್ಧ ದಾಟಿದ ಮೇಲೆ ಕೇಳಿದಳು, "ಅಪ್ಪ, ನಿಂಗೊಂದು ವಿಷಯ ಹೇಳ್ಲಾ? ಅಮ್ಮಂಗೆ ಹೇಳಬಾರದು."

"ಹೇಳು ಮಗಳೇ."

"ಸ್ಕೂಲಲ್ಲಿ..."

ಪರದೆ ಕಪ್ಪಾಯಿತು.

ಅವನು ಬೆರಳು ತೆಗೆಯಲಿಲ್ಲ. ಕತ್ತಲ ಪರದೆಯ ಮುಂದೆ ಅದೇ ಗುಂಡಿಯನ್ನು ಒತ್ತಿ ಹಿಡಿದುಕೊಂಡು, "ಹೇಳು, ಕೇಳಿಸ್ಕೋತಿದ್ದೀನಿ, ಹೇಳು" ಎನ್ನುತ್ತಲೇ ಇದ್ದ. ಹೆಡ್‌ಫೋನಿನಲ್ಲಿ ಸದ್ದೇ ಇರಲಿಲ್ಲ. ಆಮೇಲೆ ಬಗ್ಗಿ ಯಂತ್ರವನ್ನು ಮುಟ್ಟಿದ. ಕೈ ಸುಟ್ಟಿತು. ಮೊಳೆ ಕೀಳುವ ಉಳಿ ತೆಗೆದು, ತಾನೇ ಬಿಗಿದ ರೆಕ್ಸಿನ್ನನ್ನು ಪರಪರ ಕಿತ್ತ. ಒಳಗಿನಿಂದ ಬಿಸಿ ಮುಖಕ್ಕೆ ರಾಚಿತು. ಬೀಸಣಿಗೆಯಿಂದ ಬೀಸಿದ, ಬಾಯಿಂದ ಊದಿದ. ಮತ್ತೆ ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಮಾತ್ರ ಬೆಳಗಲಿಲ್ಲ.

ಮಗಳಿಗೆ ಫೋನು ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ, ಎತ್ತಲಿಲ್ಲ. ಹೆಂಡತಿಗೆ ಮಾಡೋಣವೆಂದರೆ, ಅಮ್ಮಂಗೆ ಹೇಳಬಾರದು ಎಂದಿದ್ದಾಳಲ್ಲ. ಏನನ್ನು ಹೇಳಬಾರದು ಎನ್ನುವುದೂ ಅವನಿಗೆ ಗೊತ್ತಿಲ್ಲ. ಸ್ಕೂಲಲ್ಲಿ ಏನು? ಯಾರಾದರೂ ಏನಾದರೂ ಅಂದರೇ, ಮಾಡಿದರೇ? ಅಂಗಡಿಯ ತುಂಬ ಬೇರೆಯವರ ಸೋಫಾಗಳಿದ್ದವು, ಕೂರಲು ಆಗಲಿಲ್ಲ. ನಡುವಿನ ಕಿರಿದಾದ ಜಾಗದಲ್ಲಿ ಅಲ್ಲಿಂದಿಲ್ಲಿಗೆ ತಿರುಗಿದ.

ಬೆಳಿಗ್ಗೆ ಯಂತ್ರವನ್ನು ಹೊತ್ತುಕೊಂಡು ಹೋದಾಗ ಡಾಕ್ಟ್ರು ಸುತ್ತಲೂ ತಿರುಗಿಸಿ ನೋಡಿ ತಲೆಯ ಮೇಲೆ ಕೈ ಹೊತ್ತ.

"ಮಾಮ, ಮೂಗು ಬಾಯಿ ಎಲ್ಲ ಹೊಲಿದು ಬಿಟ್ಟಿದ್ದೀರಲ್ಲ. ಎಲ್ಲಿಂದ ಉಸಿರಾಡಬೇಕು ಅದು?"

"ಧೂಳು ಹೋಗಬಾರದು ಅಂದ್ರಲ್ಲ."

ಡಾಕ್ಟ್ರು ಫೋಮಿನ ತುಂಡುಗಳನ್ನು ಒಂದೊಂದಾಗಿ ಕಿತ್ತು, ಕಾರ್ಡನ್ನು ಹೊರತೆಗೆದು ನೋಡಿದ. ಕಾರ್ಡು ಸತ್ತಿತ್ತು. ಬದಲಿಗೆ ಇನ್ನೊಂದು ಇಲ್ಲ, ಇದ್ದರೂ ಮಾರಲು ಕುಶನ್ ಮಾಮನ ಹತ್ತಿರ ಇನ್ನೇನೂ ಇಲ್ಲ. ಉಳಿದ ಒಂದು ಹೊಲಿಗೆ ಯಂತ್ರ ಮಾರಿದರೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ.

ಮಗಳು ಅವತ್ತು ರಾತ್ರಿ ಅವಳಾಗಿಯೇ ಫೋನು ಮಾಡಿದಳು. ಅವನು ಒಂದೇ ಉಸಿರಿಗೆ ಫೋಮು, ಬಿಸಿ, ಕಾರ್ಡು ಎಲ್ಲ ಒದರಿದ. ನಾನು ಬಿಡಲಿಲ್ಲ ಮಗಳೇ, ಹಿಡ್ಕೊಂಡೇ ಇದ್ದೆ ಎಂದ. ಅವಳು ಸಮಾಧಾನದಿಂದ ಕೇಳಿಸಿಕೊಂಡಳು. ದೊಡ್ಡವರು ಮಕ್ಕಳ ನೆಪಗಳನ್ನು ಕೇಳಿಸಿಕೊಳ್ಳುವ ಹಾಗೆ.

"ಪರವಾಗಿಲ್ಲ ಬಿಡಪ್ಪ. ಇನ್ನು ಅದಕ್ಕೆ ದುಡ್ಡು ಹಾಕಬೇಡ."

"ಅದಿರ್ಲಿ. ನಿನ್ನೆ ಏನೋ ಹೇಳ್ತಿದ್ದೆಯಲ್ಲ. ಸ್ಕೂಲಲ್ಲಿ ಅಂತ. ಏನದು, ಈಗ ಹೇಳು."

"ಅದಾ? ಏನಿಲ್ಲಪ್ಪ. ಮುಗೀತು."

"ಮುಗೀತು ಅಂದ್ರೆ?"

"ನೀನು ಹೋದ್ಮೇಲೆ ನಾನು ಕಣಿವೆಗೆ ಬಿದ್ನಲ್ಲ, ಆಗ ನಿನ್ನ ಜಾಗಕ್ಕೆ ಆಟಾನೇ ಬೇರೆ ಯಾರನ್ನೋ ಸೇರಿಸ್ತು. ಅವ್ರು ರಾಟೆ ಹಿಡ್ಕೊಂಡ್ರು. ಅಳು ಬರ್ತಿತ್ತು, ಅವ್ರ ಹತ್ರಾನೇ ಎಲ್ಲ ಹೇಳ್ಕೊಂಡುಬಿಟ್ಟೆ."

"ಯಾರು ಅವ್ರು?"

"ಗೊತ್ತಿಲ್ಲಪ್ಪ. ಹೆಸರೂ ಕೇಳ್ಲಿಲ್ಲ. ಆದ್ರೆ ಪೂರ್ತಿ ಕೇಳಿಸ್ಕೊಂಡ್ರು."

"ಒಳ್ಳೇದಾಯ್ತು," ಎಂದ ಕುಶನ್ ಮಾಮ. ಆಮೇಲೆ ಊಟ ಆಯ್ತಾ ಎಂದು ಕೇಳಿದ. ಅವಳು ಹೂಂ ಎಂದಳು.