ಬಿಚ್ಚಿದ ಸಾಲುಗಳು

ಹೊನ್ನಾಳಿಯ ಬೇಕರಿಯಲ್ಲಿ ನಾನು ಗಡಿಯಾರ ನೋಡುತ್ತಿರಲಿಲ್ಲ. ಬನ್ನಿನ ಟ್ರೇ ಓವನ್ನಿಗಿಟ್ಟು, ಪಕ್ಕದ ಸ್ಟೂಲಿನ ಮೇಲೆ ಕೂತು ಉಲ್ಲನ್ ಹೆಣೆಯುತ್ತಿದ್ದೆ. ಆರು ಸಾಲು ಮುಗಿಯುವಷ್ಟರಲ್ಲಿ ಬನ್ ಬೆಂದಿರುತ್ತಿತ್ತು. ಜಗಳೂರಿನಲ್ಲಿರುವ ತಂಗಿಗೆ ಮಗು ಹುಟ್ಟಿತ್ತು. ತೊಟ್ಟಿಲ ಶಾಸ್ತ್ರದೊಳಗೆ ಅದರ ಸ್ವೆಟರ್ ಮುಗಿಯಬೇಕಿತ್ತು. ದಿನವೆಲ್ಲ ಕೆಲಸ. ಬಾಡಿಗೆ ಕೋಣೆಗೆ ಹೋದರೆ ಮಾತಿಗೆ ಯಾರೂ ಇಲ್ಲ.

ಒಂದು ಮಧ್ಯಾಹ್ನ ಕಡ್ಡಿಯಿಂದ ಕುಣಿಕೆಯೊಂದು ಜಾರಿತು. ನಾಲ್ಕು ಸಾಲು ಬಿಚ್ಚಿ ಮತ್ತೆ ಹೆಣೆದೆ. ಬಿಚ್ಚಿದ ಸಾಲುಗಳೂ ಹೊತ್ತು ತಿಂದಿದ್ದವು ಎಂಬುದು ಹೊಳೆಯಲೇ ಇಲ್ಲ. ಆರನೆಯ ಸಾಲು ಮುಗಿಸುವ ಮೊದಲೇ ಹೊಗೆ ಬಂತು. ಬಾಗಿಲು ತೆಗೆದರೆ ಬನ್ನುಗಳು ಇದ್ದಿಲಾಗಿದ್ದವು.

"ಅಕ್ಕಾರೆ, ಇವನ್ನ ಹಲ್ಲುಜ್ಜಾಕೆ ಮಾರಬೇಕಷ್ಟೆ," ಎಂದರು ಮಾಲೀಕರು. "ನಾಳೆಯಿಂದ ಉಲ್ಲನ್ ಮನೆಯಾಗೇ ಇರಲಿ ರೀ."

ಮನೆಯಲ್ಲಿ ಕಡ್ಡಿ ಹಿಡಿದರೆ ನಿದ್ದೆ ಬರುತ್ತಿತ್ತು. ಶಾಸ್ತ್ರದ ದಿನ ಜಗಳೂರು ತಲುಪಿದಾಗ ಇನ್ನೂ ಒಂದು ತೋಳು ಉಳಿದಿತ್ತು.

"ಇನ್ನೊಂದು ತೋಳು ಬಸ್ಸಿನಾಗೆ ಬಿಟ್ಟು ಬಂದೆಯೇನಕ್ಕಾ?" ತಂಗಿ ನಕ್ಕಳು. "ನಾಕ್ ದಿನ ಇದ್ದು ಮುಗಿಸಿ ಹೋಗು."

ಒಂದೇ ದಿನ ರಜೆ ಎಂದೆ.

"ಹಂಗಾರೆ ಇಟ್ಟು ಹೋಗು. ನಮ್ಮತ್ತೆಗೂ ಹೆಣಿಯಾಕೆ ಬರ್ತೈತೆ, ನಾಳೆಗೇ ಮುಗಿಸ್ತಾರೆ."

ಬೇಡ, ನಾನೇ ಮುಗಿಸಿ ಕಳಿಸುತ್ತೇನೆ ಎಂದು ಸ್ವೆಟರನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ. ತಂಗಿಗೆ ಬೇಸರವಾಯಿತು, ಅದು ಕಂಡಿತು. ಆದರೂ ಆ ಬಾಡಿಗೆ ಕೋಣೆಗೆ ಬರಿಗೈಯಲ್ಲಿ ಹೋಗಲು ನನಗೆ ಹೆದರಿಕೆ ಎಂದು ಅವಳಿಗೆ ಹೇಳಲಾಗಲಿಲ್ಲ.